ಕಡಲು ಕೊರೆಯುತ್ತಿರುವ ಗಾಲ್ಫ್ ಮೈದಾನ

ಗಾಲ್ಫ್ ಅಂದ್ರೆ ದುಡ್ಡಿದ್ದವರ ಆಟ ಅನ್ನೋದು ನಮ್ಮಲ್ಲಿ ಸಾಮಾನ್ಯ ಅಭಿಪ್ರಾಯ. ಆದ್ರೆ ಅದು ಬೆಳೆದದ್ದು ಸ್ಕಾಟ್ಲೆಂಡಿನ ಕಡಲಂಚಿನಲ್ಲಿ, ಬೇಸಾಯಕ್ಕೆ ಬಾರದ ಮರಳುದಿಬ್ಬಗಳ ಮೇಲೆ. ಅಂಥ ನೆಲಕ್ಕೆ ಅಲ್ಲಿ 'ಲಿಂಕ್ಸ್' ಅಂತಾರೆ. ಗಾಳಿ, ಅಲೆ ಸೇರಿ ಗುಡ್ಡೆಹಾಕಿದ ಮರಳು, ಅದರ ಮೇಲೆ ಗಿಡ್ಡ ಹುಲ್ಲು. ಜನ ಅಲ್ಲಿ ಎಷ್ಟು ಆಡ್ತಿದ್ರು ಅಂದ್ರೆ, ಬಿಲ್ವಿದ್ಯೆಯ ಅಭ್ಯಾಸ ಹಾಳಾಗುತ್ತೆ ಅಂತ 1457ರಲ್ಲಿ ಅಲ್ಲಿನ ಪಾರ್ಲಿಮೆಂಟು ಈ ಆಟವನ್ನೇ ನಿಷೇಧಿಸಿತ್ತು!

ಪೂರ್ವ ಕರಾವಳಿಯ ಮಾಂಟ್ರೋಸ್ ಊರಿನ ಮೈದಾನಕ್ಕೆ '1562 ಕೋರ್ಸ್' ಅಂತಲೇ ಹೆಸರು. ಆ ಕಾಲದಲ್ಲೇ ಅಲ್ಲಿ ಗಾಲ್ಫ್ ಇತ್ತು ಅನ್ನೋದಕ್ಕೆ, ಬಾಲ್ಯದಲ್ಲಿ ಅಲ್ಲಿ ಆಟ ಕಲಿತ ಜೇಮ್ಸ್ ಮೆಲ್ವಿಲ್ ಬರೆದಿಟ್ಟ ದಿನಚರಿ ಆಧಾರ.

ಈಗ ಉತ್ತರ ಸಮುದ್ರ ಆ ದಿಬ್ಬಗಳನ್ನು ಕೊರೆಯುತ್ತಿದೆ. 2016ರಲ್ಲಿ ಪ್ರಕಟವಾದ ಡಂಡೀ ವಿಶ್ವವಿದ್ಯಾಲಯದ ಅಧ್ಯಯನದ ಪ್ರಕಾರ, ಮೂವತ್ತು ವರ್ಷಗಳಲ್ಲಿ ಕಡಲು ಸುಮಾರು 70 ಮೀಟರ್ ಒಳಗೆ ಬಂದಿತ್ತು. ಮೈದಾನದ ಕೆಲಭಾಗವನ್ನು ಒಳಕ್ಕೆ ಸರಿಸಿದ್ದೂ ಆಗಿದೆ.

ಬಂಡೆಗಲ್ಲು ಹಾಕಿ ತಡೀಬಾರದಾ ಅಂತೀರಾ? ಕಲ್ಲು ಬಿದ್ದ ಕಡೆ ದಿಬ್ಬ ಉಳಿಯುತ್ತೆ, ನಿಜ. ಆದ್ರೆ ಆ ದಿಬ್ಬದಿಂದ ಪಕ್ಕದ ದಂಡೆಗೆ ಹೋಗಬೇಕಾದ ಮರಳು ಅಲ್ಲೇ ಸಿಕ್ಕಿಬೀಳುತ್ತೆ. ಕಲ್ಲುಸಾಲು ಮುಗಿದಲ್ಲಿ ಕೊರೆತ ಜೋರಾಗುತ್ತೆ. ಹಾಗಂತ ಸುಮ್ಮನೆ ಕೂರೋ ಹಾಗೂ ಇಲ್ಲ. ಹಿಂದಿರುವ ಊರಿಗೂ ಈ ದಿಬ್ಬಗಳೇ ತಡೆಗೋಡೆ.

ಮರಳು ಚಲಿಸಿದ್ದರಿಂದಲೇ ಹುಟ್ಟಿದ ಮೈದಾನ ಅದು. ಮರಳನ್ನು ಕಟ್ಟಿಹಾಕಿ ಉಳಿಸೋದಕ್ಕಿಂತ ಅದರ ಜೊತೆ ಹಿಂದೆ ಸರಿಯೋದೇ ಆ ಚರಿತ್ರೆಗೆ ಕೊಡೋ ಮರ್ಯಾದೆ ಅಂತ ನನಗನ್ನಿಸುತ್ತೆ. ನೀವೇನಂತೀರಿ?