ಸಿಮೆಂಟ್ ಚರ್ಮದ ಉರಿಯೂತ

ಸಿಮೆಂಟ್ ಚರ್ಮದ ಉರಿಯೂತ ಎಂಬುದು ಹಸಿ ಸಿಮೆಂಟಿನ ಸಂಪರ್ಕದಿಂದ ಉಂಟಾಗುವ ಔದ್ಯೋಗಿಕ ಚರ್ಮರೋಗ. ಗಾರೆ ಕೆಲಸಗಾರರು, ಕಾಂಕ್ರೀಟ್ ಕಲಸುವವರು ಹಾಗೂ ಟೈಲ್ಸ್ ಅಳವಡಿಸುವವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಇದರಲ್ಲಿ ಎರಡು ವಿಧಗಳಿವೆ. ಹಸಿ ಸಿಮೆಂಟಿನ ತೀವ್ರ ಕ್ಷಾರತೆ (ಪಿಎಚ್ 12ರಿಂದ 13) ಮತ್ತು ಮರಳಿನ ಉಜ್ಜುವಿಕೆಯಿಂದ ಯಾರಲ್ಲಿಯಾದರೂ ಉಂಟಾಗಬಹುದಾದ ಉರಿಯೂತ ಮೊದಲನೆಯದು. ಕ್ರೋಮಿಯಂ ಲೋಹಕ್ಕೆ ಅಲರ್ಜಿ ಬೆಳೆದವರಲ್ಲಿ ಮಾತ್ರ ಕಾಣಿಸಿಕೊಳ್ಳುವುದು ಎರಡನೆಯದು.

ಕಾರಣ

ಸಿಮೆಂಟಿನ ಕಚ್ಚಾವಸ್ತುಗಳಲ್ಲಿ ಕ್ರೋಮಿಯಂ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗೂಡಿನಲ್ಲಿ ಅದರ ಒಂದಂಶವು ಉತ್ಕರ್ಷಣಗೊಂಡು ಹೆಕ್ಸಾವೇಲೆಂಟ್ ಕ್ರೋಮಿಯಂ ಆಗುತ್ತದೆ. ನೀರಿನಲ್ಲಿ ಕರಗುವ ಈ ರೂಪವು ಚರ್ಮದೊಳಗೆ ಸುಲಭವಾಗಿ ಇಳಿದು, ಅಲ್ಲಿ ಟ್ರೈವೇಲೆಂಟ್ ರೂಪಕ್ಕೆ ಬದಲಾಗಿ ಪ್ರೋಟೀನುಗಳೊಡನೆ ಸೇರುತ್ತದೆ. ಟಿ-ಜೀವಕೋಶಗಳು ಈ ಸಂಯೋಜನೆಯನ್ನು ಪರಕೀಯವೆಂದು ಗುರುತಿಸಿ ನೆನಪಿಟ್ಟುಕೊಳ್ಳುತ್ತವೆ. ಅಲರ್ಜಿ ಬೆಳೆಯಲು ತಿಂಗಳುಗಳು ಅಥವಾ ವರ್ಷಗಳೇ ಹಿಡಿಯಬಹುದು.

ಲಕ್ಷಣ ಮತ್ತು ಪತ್ತೆ

ಅಲರ್ಜಿ ಬೆಳೆದ ಬಳಿಕ ಪ್ರತಿಕ್ರಿಯೆಯು ಸಾಮಾನ್ಯವಾಗಿ ಸಂಪರ್ಕದ ಒಂದೆರಡು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕೈಗಳಲ್ಲಿ ತುರಿಕೆ, ಕೆಂಪಾಗುವಿಕೆ, ನೀರುಗುಳ್ಳೆ ಮತ್ತು ಬಿರುಕು ಮುಖ್ಯ ಲಕ್ಷಣಗಳು. ಪತ್ತೆಗಾಗಿ ಪೊಟ್ಯಾಸಿಯಂ ಡೈಕ್ರೋಮೇಟ್ ಬೆರೆಸಿದ ಮುಲಾಮನ್ನು ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು ಚರ್ಮವನ್ನು ಪರಿಶೀಲಿಸಲಾಗುತ್ತದೆ. ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡಲಾಗುತ್ತದೆ. ಇದಕ್ಕೆ ಪ್ಯಾಚ್ ಪರೀಕ್ಷೆ ಎಂದು ಹೆಸರು. ಸಿಮೆಂಟಿನ ಇಸುಬಿಗೂ ಕ್ರೋಮಿಯಂಗೂ ಇರುವ ಸಂಬಂಧವನ್ನು 1950ರಲ್ಲಿ ಜೇಗರ್ ಮತ್ತು ಪೆಲ್ಲೋನಿ ಇಂತಹ ಪರೀಕ್ಷೆಯಿಂದಲೇ ತೋರಿಸಿದರು.

ಚಿಕಿತ್ಸೆ ಮತ್ತು ತಡೆ

ಸ್ಟೀರಾಯ್ಡ್ ಮುಲಾಮುಗಳಿಂದ ಉರಿಯೂತ ಶಮನವಾಗುತ್ತದೆಯಾದರೂ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಕ್ರೋಮಿಯಂ ಲವಣಗಳಿಂದ ಹದಮಾಡಿದ ಚರ್ಮದ ಪಾದರಕ್ಷೆ ಮತ್ತು ಕೈಗವಸುಗಳೂ ಅದನ್ನು ಕೆರಳಿಸಬಲ್ಲವು. ಅನೇಕರು ಕಸುಬನ್ನೇ ಬಿಡಬೇಕಾಗುವುದರಿಂದ ತಡೆಗೆ ಹೆಚ್ಚಿನ ಮಹತ್ವವಿದೆ.

ಸಿಮೆಂಟಿಗೆ ಫೆರಸ್ ಸಲ್ಫೇಟ್ ಸೇರಿಸಿದರೆ, ಕಲಸುವಾಗ ಹೆಕ್ಸಾವೇಲೆಂಟ್ ಕ್ರೋಮಿಯಂ ಬಹುಮಟ್ಟಿಗೆ ಕರಗದ ಟ್ರೈವೇಲೆಂಟ್ ರೂಪಕ್ಕೆ ಇಳಿಯುತ್ತದೆ. ಡೆನ್ಮಾರ್ಕ್ 1980ರ ದಶಕದ ಆರಂಭದಲ್ಲಿ ಈ ಕ್ರಮವನ್ನು ಜಾರಿಗೆ ತಂದಿತು. ಬಳಿಕ ಅಲ್ಲಿನ ಕಟ್ಟಡ ಕಾರ್ಮಿಕರಲ್ಲಿ ಕ್ರೋಮಿಯಂ ಅಲರ್ಜಿ ಇಳಿಮುಖವಾಯಿತು. ಐರೋಪ್ಯ ಒಕ್ಕೂಟವು 2003ರ ನಿರ್ದೇಶನದ ಮೂಲಕ, ನೀರಿನಲ್ಲಿ ಕರಗುವ ಹೆಕ್ಸಾವೇಲೆಂಟ್ ಕ್ರೋಮಿಯಂ ಒಣ ಸಿಮೆಂಟಿನ ಪ್ರತಿ ಕಿಲೋಗ್ರಾಂಗೆ 2 ಮಿಲಿಗ್ರಾಂ ಮೀರಬಾರದೆಂದು ವಿಧಿಸಿತು. ಈ ಮಿತಿ 2005ರ ಜನವರಿಯಲ್ಲಿ ಜಾರಿಗೆ ಬಂದಿತು. ತೇವಾಂಶ ಮತ್ತು ಗಾಳಿಯ ಸಂಪರ್ಕದಲ್ಲಿ ಫೆರಸ್ ಸಲ್ಫೇಟಿನ ಗುಣ ಕುಂದುವುದರಿಂದ, ಇಂತಹ ಸಿಮೆಂಟಿನ ಚೀಲದ ಮೇಲೆ ತುಂಬಿದ ದಿನಾಂಕ ಹಾಗೂ ದಾಸ್ತಾನಿನ ಅವಧಿಯನ್ನು ಅಲ್ಲಿ ನಮೂದಿಸಬೇಕಾಗುತ್ತದೆ.

ಫೆರಸ್ ಸಲ್ಫೇಟ್ ಕ್ಷಾರತೆಯನ್ನು ತಗ್ಗಿಸುವುದಿಲ್ಲ. ಆದ್ದರಿಂದ ನೀರು ಇಳಿಯದ ನೈಟ್ರೈಲ್ ಕೈಗವಸು ಮತ್ತು ಬೂಟು ಧರಿಸುವುದು, ಮೈಗೆ ತಗುಲಿದ ಸಿಮೆಂಟನ್ನು ಕೂಡಲೇ ತೊಳೆಯುವುದು ಹಾಗೂ ನೆನೆದ ಬಟ್ಟೆ ಬದಲಿಸುವುದು ಎಲ್ಲ ಬಗೆಯ ಸಿಮೆಂಟಿಗೂ ಅಗತ್ಯ.