ಮ್ಯೂನಿಕ್ ನಗರ ಕಿಟಕಿ ಬದಲಿಸಿದ ಕಥೆ

ಗಣಕಯಂತ್ರ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಆದರೆ ಅದನ್ನು ನಡೆಸುವ ತಂತ್ರಾಂಶಕ್ಕೆ ಇನ್ನು ಮುಂದೆ ನಮ್ಮ ಬೆಂಬಲವಿಲ್ಲ ಎಂದು ತಯಾರಕರು ಸಾರುತ್ತಾರೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದಾಗ, ವಿಂಡೋಸ್ 11 ಹಿಡಿಸದ ಹಳೆಯ ಗಣಕಗಳ ಒಡೆಯರು ಈ ಇಕ್ಕಟ್ಟಿಗೆ ಸಿಕ್ಕಿದರು. ಜರ್ಮನಿಯ ಮ್ಯೂನಿಕ್ ನಗರಾಡಳಿತ ಇದೇ ಇಕ್ಕಟ್ಟನ್ನು ಎರಡು ದಶಕಗಳ ಹಿಂದೆ ಎದುರಿಸಿತ್ತು.

ಆಗ ಅಲ್ಲಿನ ಕಚೇರಿಗಳಲ್ಲಿ ಸುಮಾರು 14,000 ಗಣಕಗಳಿದ್ದವು. ಅವುಗಳಲ್ಲಿದ್ದ ವಿಂಡೋಸ್ ಎನ್.ಟಿ. 4ರ ಬೆಂಬಲದ ಅವಧಿ ಮುಗಿಯುತ್ತ ಬಂದಿತ್ತು. ಹೊಸ ವಿಂಡೋಸ್ ಕೊಳ್ಳುವುದೋ, ಇಲ್ಲವೇ ಲಿನಕ್ಸ್ ಮೊರೆಹೋಗುವುದೋ? ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸನ್ನು ಯಾರು ಬೇಕಾದರೂ ಪಡೆದು ತಿದ್ದಿಕೊಳ್ಳಬಹುದು. ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಸ್ವತಃ ಬಂದು ಮೇಯರ್ ಕ್ರಿಶ್ಚಿಯನ್ ಊಡೆ ಅವರನ್ನು ಕಂಡರು; ಕಂಪನಿ ಬೆಲೆಯನ್ನೂ ಇಳಿಸಿತು. ಆದರೂ 2003ರ ಮೇ ತಿಂಗಳಲ್ಲಿ ನಗರಸಭೆ ಲಿನಕ್ಸ್ ಪರವಾಗಿ ನಿರ್ಧರಿಸಿತು. ಒಂದೇ ಕಂಪನಿಯ ಹಂಗಿನಲ್ಲಿ ಆಡಳಿತ ಇರಬಾರದೆಂಬುದು ಅದರ ವಾದವಾಗಿತ್ತು.

ನಿರ್ಧಾರವಾದ ಕೂಡಲೇ ಯಾರೂ ವಿಂಡೋಸನ್ನು ಅಳಿಸಲಿಲ್ಲ ಎಂಬುದು ಇಲ್ಲಿ ಮುಖ್ಯ. ಮೊದಲ ಗಣಕಗಳು ಲಿನಕ್ಸ್‌ಗೆ ಬಂದದ್ದು 2006ರಲ್ಲಿ. ಅನೇಕ ಕಚೇರಿಗಳಲ್ಲಿ ಮೊದಲು ವಿಂಡೋಸ್ ಮೇಲೆಯೇ ಓಪನ್ ಆಫೀಸ್ ತಂತ್ರಾಂಶವನ್ನು ಬಳಕೆಗೆ ತಂದರು. ಸಿಬ್ಬಂದಿಗೆ ಕೈ ಪಳಗಿದ ಮೇಲೆ ಕೆಳಗಿನ ವ್ಯವಸ್ಥೆಯನ್ನು ಬದಲಿಸಿದರು. ಹಳೆಯ ತಂತ್ರಾಂಶಕ್ಕೆ ಅಂಟಿಕೊಂಡಿದ್ದ ಅರ್ಜಿ ನಮೂನೆಗಳನ್ನೂ ಪತ್ರದ ಮಾದರಿಗಳನ್ನೂ ಹೊಸದಾಗಿ ರೂಪಿಸಬೇಕಾಯಿತು. 2013ರ ಕೊನೆಗೆ ಸುಮಾರು 15,000 ಗಣಕಗಳು ಬದಲಾಗಿದ್ದವು.

ಕಥೆ ಅಲ್ಲಿಗೇ ಸುಖಾಂತ್ಯವಾಗಲಿಲ್ಲ. ಹೊರಗಿನಿಂದ ಬಂದ ಕಡತಗಳು ಸರಿಯಾಗಿ ತೆರೆಯುವುದಿಲ್ಲ ಎಂಬಂಥ ದೂರುಗಳ ನಡುವೆ, 2017ರಲ್ಲಿ ನಗರಸಭೆ ಮತ್ತೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಈ ಹೋಗಿಬರುವಿಕೆಯುದ್ದಕ್ಕೂ ಕಾಡಿದ್ದು ಯಂತ್ರಕ್ಕಿಂತ ಹೆಚ್ಚಾಗಿ ಕಡತ.

ಹಳೆಯ ಗಣಕವನ್ನು ಉಳಿಸಿಕೊಳ್ಳಬಯಸುವ ಕನ್ನಡಿಗರಿಗೂ ಈ ಮಾತು ಸಲ್ಲುತ್ತದೆ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಎಷ್ಟೋ ಲೆಕ್ಕಪತ್ರ, ಹಸ್ತಪ್ರತಿಗಳು ನಮ್ಮ ಗಣಕಗಳಲ್ಲಿವೆ. ಆ ಅಕ್ಷರಶೈಲಿ ಇಲ್ಲದೆಡೆ ಅವು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಆದ್ದರಿಂದ ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಓದಿ ನೋಡಿ, ಎಲ್ಲ ಕಡತಗಳ ಪ್ರತಿಯನ್ನು ಬೇರೊಂದು ಹಾರ್ಡ್‌ಡಿಸ್ಕ್‌ನಲ್ಲಿ ತೆಗೆದಿಡಬೇಕು. ಆ ಪ್ರತಿ ಬೇರೆ ಗಣಕದಲ್ಲಿ ತೆರೆಯುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಮುಂದಿನ ಹೆಜ್ಜೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ ನೋಡುವುದು. ಅನುಸ್ಥಾಪನೆಗೆ ಒಪ್ಪಿಗೆ ಕೊಡದಿದ್ದರೆ ವಿಂಡೋಸ್ ಇದ್ದಂತೆಯೇ ಇರುತ್ತದೆ. ವೈಫೈ, ಪ್ರಿಂಟರ್, ಧ್ವನಿ ಸರಿಯಿವೆಯೇ, ದಿನವೂ ಬೇಕಾದ ತಂತ್ರಾಂಶಕ್ಕೆ ಬದಲಿ ಇದೆಯೇ ಎಂದು ಆಗಲೇ ತಿಳಿಯುತ್ತದೆ. ನುಡಿ ಬಳಸಿದವರಿಗೆ ಪರಿಚಿತವಾದ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ದೊರೆಯುತ್ತದೆ. ಮೊದಲು ವಿಂಡೋಸ್‌ನಲ್ಲಿಯೇ ಲಿಬ್ರೆ ಆಫೀಸ್ ಬಳಸಿ ರೂಢಿ ಮಾಡಿಕೊಂಡರೆ ಮ್ಯೂನಿಕ್‌ನ ಮಾರ್ಗವನ್ನೇ ಹಿಡಿದಂತೆ.

ಇದಿಷ್ಟೂ ಒಪ್ಪಿಗೆಯಾದ ಮೇಲೆ ವಿಂಡೋಸ್ ಅಳಿಸಬಹುದು. ಒಂದು ನಗರ ಹತ್ತು ವರ್ಷ ತೆಗೆದುಕೊಂಡ ಕೆಲಸಕ್ಕೆ ಒಂದು ಮನೆ ಒಂದು ತಿಂಗಳು ಕೊಟ್ಟರೆ ಹೆಚ್ಚೇನಲ್ಲ.