ದೊಡ್ಡಬಳ್ಳಾಪುರದ ಬಳ್ಳಿ, ಇಟಲಿಯ ಊಟ
ಬೆಂಗಳೂರಿನ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಪಾಸ್ತಾದ ಜೊತೆಗೆ ಬರುವ ಕೆಂಪು ವೈನ್ ದೊಡ್ಡಬಳ್ಳಾಪುರದ್ದೇ ಆಗಿರಬಹುದು.

ನಂದಿಬೆಟ್ಟದ ತಪ್ಪಲಿನ ಈ ತಾಲ್ಲೂಕಿನಲ್ಲಿ ಉದ್ಯಮಿ ಕನ್ವಲ್ ಗ್ರೋವರ್ 1988ರಲ್ಲಿ ವೈನ್ ದ್ರಾಕ್ಷಿಯ ತೋಟ ಶುರುಮಾಡಿದರು. ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ವೈನ್ ತಯಾರಕ ಜಾರ್ಜ್ ವೆಸೆಲ್ ತಳಿಗಳ ಆಯ್ಕೆಗೆ ನೆರವಾದರು. ಸುಮಾರು 900 ಮೀಟರ್ ಎತ್ತರದ ನೆಲ, ತಂಪು ರಾತ್ರಿ. ಕ್ಯಾಬರ್ನೆ ಸುವಿನ್ಯೋನ್, ಶಿರಾಜ್ ಒಗ್ಗಿಕೊಂಡವು. ಯುರೋಪಿನಲ್ಲಿ ಚಳಿಗೆ ಎಲೆಯುದುರಿಸಿ ಮಲಗುವ ಬಳ್ಳಿಗೆ ಇಲ್ಲಿ ನಿದ್ದೆಯಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಸವರಿ, ಒಂದೇ ಬೆಳೆ ತೆಗೆಯುತ್ತಾರೆ. ಆ ಕತ್ತರಿಯ ಕೆಲಸದಲ್ಲೇ ಈ ಕಸುಬಿನ ಜಾಣ್ಮೆಯೆಲ್ಲ ಇದೆ.

ಈ ಸೀಮೆಯ ಹಳೆಯ ದ್ರಾಕ್ಷಿ ಮಾತ್ರ ಬೇರೆ. ದೇವನಹಳ್ಳಿ ಸುತ್ತಿನ ಚಪ್ಪರಗಳಲ್ಲಿ ತೂಗುವ ಬೆಂಗಳೂರು ಬ್ಲೂ ಭೌಗೋಳಿಕ ಸೂಚಿಕೆ ಪಡೆದ ಹಣ್ಣು. ಜ್ಯೂಸು, ಜಾಮಿಗೆ ಹೇಳಿಮಾಡಿಸಿದ್ದು. ತಳಿತಜ್ಞರು ಇದನ್ನು ಅಮೆರಿಕ ಮೂಲದ ಇಸಬೆಲ್ಲಾ ತಳಿ ಎಂದು ಗುರುತಿಸುತ್ತಾರೆ. ಇಟಲಿಯ ಹಳ್ಳಿಮನೆಗಳ ಹಿತ್ತಲಲ್ಲೂ ಇದೇ ಬಳ್ಳಿ ಹಬ್ಬಿದೆ.